ಮರದ ಮಹಡಿಯ ಕೆಳಗೆ ಡೌನ್‌ಲೈಟ್: ‘ಫೈರ್ ರೇಟೆಡ್’ ದೀಪ ಯಾರಿಗೆ ಬೇಕು, ಯಾರಿಗೆ ಬೇಡ

ಪ್ರಶ್ನೆ: ಬೆಳಗಾವಿಯ ಶಹಾಪುರದಲ್ಲಿ ನಮ್ಮದು ಅಜ್ಜನ ಕಾಲದ ಮನೆ. ಮೇಲೆ ಮಂಗಳೂರು ಹಂಚು; ಕೆಳಗಿನ ಪಡಸಾಲೆಗೂ ಮೇಲಿನ ಮಲಗುವ ಕೋಣೆಗಳಿಗೂ ನಡುವೆ ಸಾಗವಾನಿಯ ತೊಲೆ, ಜಂತಿ, ಹಲಗೆಗಳ ನೆಲವಿದೆ. ಪಡಸಾಲೆಗೆ ಜಿಪ್ಸಮ್ ಬೋರ್ಡಿನ ಫಾಲ್ಸ್ ಸೀಲಿಂಗ್ ಮಾಡಿಸಿ, ಅದರಲ್ಲಿ 24 ಡೌನ್‌ಲೈಟ್ (ಸೀಲಿಂಗಿನ ತೂತಿನಲ್ಲಿ ಹುದುಗಿಸುವ ದೀಪ) ಕೂಡಿಸಬೇಕೆಂದಿದ್ದೇವೆ. ಇಂಗ್ಲೆಂಡಿನಲ್ಲಿರುವ ನಮ್ಮ ಅಳಿಯಂದಿರು ‘ಫೈರ್ ರೇಟೆಡ್ ದೀಪವನ್ನೇ ಹಾಕಿಸಿ’ ಎನ್ನುತ್ತಾರೆ. ಅಂಗಡಿಯವರು ‘ಎಲ್‌ಇಡಿ ದೀಪ ಬಿಸಿಯೇ ಆಗುವುದಿಲ್ಲ, ಅದೆಲ್ಲ ಬೇಡ’ ಎನ್ನುತ್ತಾರೆ. ಯಾರ ಮಾತು ಸರಿ? ವಿಜಯಪುರದಲ್ಲಿ ನನ್ನ ತಮ್ಮ ಕಟ್ಟಿಸುತ್ತಿರುವ ಆರ್‌ಸಿಸಿ ಮನೆಗೂ ಇಂಥ ದೀಪ ಬೇಕೇ?

ಉತ್ತರ: ಇಬ್ಬರ ಮಾತೂ ಅರ್ಧ ಸರಿ, ಏಕೆಂದರೆ ಇಬ್ಬರೂ ಬೇರೆ ಬೇರೆ ಬೆಂಕಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತನಾಡುತ್ತಿದ್ದಾರೆ. ಅಂಗಡಿಯವರು ಹೇಳುತ್ತಿರುವುದು ದೀಪದಿಂದಲೇ ಹೊತ್ತಿಕೊಳ್ಳಬಹುದಾದ ಬೆಂಕಿಯ ವಿಷಯ. ನಿಮ್ಮ ಅಳಿಯಂದಿರು ಹೇಳುತ್ತಿರುವುದು ಅಡುಗೆಮನೆಯ ಗ್ಯಾಸಿನಿಂದಲೋ, ದೇವರ ಮುಂದಿನ ದೀಪ ಪರದೆಗೆ ತಾಗಿಯೋ ಕೋಣೆಯಲ್ಲಿ ಎದ್ದ ಬೆಂಕಿ ಸೀಲಿಂಗಿನ ತೂತುಗಳ ಮೂಲಕ ಮೇಲಿನ ಮಹಡಿಗೆ ಏರುವ ವಿಷಯ. ‘ಫೈರ್ ರೇಟೆಡ್’ ಎಂಬ ಮಾತಿಗೆ ‘ಬೆಂಕಿ ಹತ್ತದ ದೀಪ’ ಎಂಬ ಅರ್ಥವಿಲ್ಲ. ದೀಪಕ್ಕಾಗಿ ಸೀಲಿಂಗನ್ನು ಕೊರೆದಾಗ ಆ ಸೀಲಿಂಗಿಗೆ ಮೊದಲಿದ್ದ ಬೆಂಕಿ ತಡೆಯುವ ಶಕ್ತಿ ಕುಂದದಂತೆ ನೋಡಿಕೊಳ್ಳುವ ದೀಪ ಎಂಬುದಷ್ಟೇ ಅದರ ಅರ್ಥ. ಆದುದರಿಂದ ದೀಪವನ್ನು ನೋಡುವ ಮೊದಲು ನಿಮ್ಮ ಸೀಲಿಂಗಿನ ಮೇಲೆ ಏನಿದೆ ಎಂಬುದನ್ನು ನೋಡಬೇಕು.

ಜಿಪ್ಸಮ್ ಬೋರ್ಡ್ ಬೆಂಕಿಯನ್ನು ತಡೆಯುವುದಕ್ಕೆ ಕಾರಣ ಅದರೊಳಗಿನ ನೀರು. ಜಿಪ್ಸಮ್ಮಿನ ತೂಕದಲ್ಲಿ ಸುಮಾರು ಐದನೆಯ ಒಂದು ಭಾಗ ಹರಳಿನೊಳಗೆ ಸೇರಿಕೊಂಡ ನೀರೇ ಆಗಿರುತ್ತದೆ. ಬೋರ್ಡು 100 ಡಿಗ್ರಿ ದಾಟಿದ ಮೇಲೆ ಈ ನೀರು ಆವಿಯಾಗತೊಡಗುತ್ತದೆ, ಮತ್ತು ಅದು ಪೂರ್ತಿ ಹೋಗುವವರೆಗೂ ಬೋರ್ಡಿನ ಹಿಂಬದಿ ಹೆಚ್ಚು ಕಾಯುವುದಿಲ್ಲ. ಫೈರ್ ಬೋರ್ಡ್ ಎಂದು ಮಾರುವ, ಸಾಮಾನ್ಯವಾಗಿ ಗುಲಾಬಿ ಬಣ್ಣದ ಕಾಗದ ಹೊದಿಸಿದ ಹಲಗೆಯಲ್ಲಿ ಗಾಜಿನ ಎಳೆಗಳೂ ಇರುವುದರಿಂದ, ನೀರು ಹೋದ ಮೇಲೂ ಅದು ಬಿರುಕುಬಿಟ್ಟು ಉದುರದೆ ಇನ್ನಷ್ಟು ಹೊತ್ತು ನಿಲ್ಲುತ್ತದೆ. ಇಂಥ ಬೋರ್ಡಿನಲ್ಲಿ ನೀವು ಮೂರು ಇಂಚಿನ 24 ತೂತು ಕೊರೆದರೆ ಒಟ್ಟು ಒಂದು ಚದರ ಅಡಿಗಿಂತ ಹೆಚ್ಚು ಜಾಗ ತೆರೆದಂತಾಗುತ್ತದೆ. ಆ ಜಾಗವನ್ನು ಮುಚ್ಚಿರುವುದು ದೀಪದ ಮೈ ಮಾತ್ರ. ನಮ್ಮಲ್ಲಿ ಸಿಗುವ ಸಾಮಾನ್ಯ ಡೌನ್‌ಲೈಟಿನ ಮೈ ಅಲ್ಯೂಮಿನಿಯಮ್ಮಿನದು, ಮುಖದ ಗಾಜಿನಂಥ ಭಾಗ ಪ್ಲಾಸ್ಟಿಕ್ಕಿನದು. ಪ್ರಯೋಗಾಲಯಗಳಲ್ಲಿ ಬೆಂಕಿಯ ಪರೀಕ್ಷೆಗೆ ಬಳಸುವ ಐಎಸ್‌ಒ 834 ರೇಖೆಯ ಪ್ರಕಾರ ಕುಲುಮೆಯ ಉಷ್ಣತೆ ಐದು ನಿಮಿಷಕ್ಕೆ 576 ಡಿಗ್ರಿ, ಹತ್ತು ನಿಮಿಷಕ್ಕೆ 678 ಡಿಗ್ರಿ, ಅರ್ಧ ಗಂಟೆಗೆ 842 ಡಿಗ್ರಿ ತಲುಪುತ್ತದೆ. ಶುದ್ಧ ಅಲ್ಯೂಮಿನಿಯಮ್ 660 ಡಿಗ್ರಿಗೆ ಕರಗುತ್ತದೆ. ಬೋರ್ಡು ಇನ್ನೂ ಗಟ್ಟಿಯಾಗಿ ನಿಂತಿರುವಾಗಲೇ ದೀಪಗಳು ಕಳಚಿ ಬಿದ್ದು, ಅವುಗಳ ತೂತುಗಳು ಬೆಂಕಿಗೆ ಹೊಗೆಕೊಳವೆಗಳಾಗುತ್ತವೆ ಎಂಬುದು ಈ ಅಂಕಿಗಳಿಂದಲೇ ತಿಳಿಯುತ್ತದೆ.

ಫೈರ್ ರೇಟೆಡ್ ದೀಪಕ್ಕೆ ಈ ಕಾರಣದಿಂದ ಉಕ್ಕಿನ ಡಬ್ಬಿಯಂಥ ಮೈ ಇರುತ್ತದೆ. ಉಕ್ಕು ಕರಗಲು 1400 ಡಿಗ್ರಿಯ ಆಸುಪಾಸಿನ ಶಾಖ ಬೇಕು. ಹೆಚ್ಚಿನ ಮಾದರಿಗಳಲ್ಲಿ ಡಬ್ಬಿಯ ಅಂಚಿನಲ್ಲೋ ಒಳಗೋ ಶಾಖ ತಾಗಿದಾಗ ಹಪ್ಪಳದಂತೆ ಉಬ್ಬಿ, ಹಲವು ಪಟ್ಟು ಹಿಗ್ಗಿ ಸಂದನ್ನು ಮುಚ್ಚುವ ಒಂದು ಪಟ್ಟಿಯೂ ಇರುತ್ತದೆ.

ಇಂಗ್ಲೆಂಡಿನಲ್ಲಿ ಇದಕ್ಕೆ ಅಷ್ಟು ಮಹತ್ವ ಬಂದದ್ದು ಅಲ್ಲಿಯ ಮನೆಗಳ ಕಟ್ಟಡದಿಂದ. ಅಲ್ಲಿ ಸಾಮಾನ್ಯ ಮನೆಯ ಮೇಲ್ಮಹಡಿಯ ನೆಲವೆಂದರೆ ಮರದ ಜಂತಿ, ಮೇಲೆ ಹಲಗೆ, ಕೆಳಗೆ ಪ್ಲಾಸ್ಟರ್ ಬೋರ್ಡ್. ಈ ಬೋರ್ಡೇ ಜಂತಿಯನ್ನು ಬೆಂಕಿಯಿಂದ ಕಾಯುವ ಏಕೈಕ ಕವಚ. ಎರಡಂತಸ್ತಿನ ಮನೆಯ ನೆಲ 30 ನಿಮಿಷ, ಒಬ್ಬರ ಮೇಲೊಬ್ಬರಿರುವ ಫ್ಲ್ಯಾಟುಗಳ ನಡುವಿನ ನೆಲ ಸಾಮಾನ್ಯವಾಗಿ 60 ನಿಮಿಷ ಬೆಂಕಿಯನ್ನು ತಾಳಬೇಕೆಂಬುದು ಅಲ್ಲಿಯ ನಿಯಮ. ದೀಪದ ಪೆಟ್ಟಿಗೆಯ ಮೇಲೆ ಕಾಣುವ 30, 60, 90 ಎಂಬ ಅಂಕಿಗಳು ಅಲ್ಲಿಂದ ಬಂದವು.

ನಿಮ್ಮ ತಮ್ಮನವರ ವಿಜಯಪುರದ ಮನೆಯಲ್ಲಿ ಆ ಕವಚದ ಕೆಲಸವನ್ನು ಸ್ಲ್ಯಾಬೇ ಮಾಡುತ್ತದೆ. ಕಾಂಕ್ರೀಟ್ ಕಟ್ಟಡಗಳ ಭಾರತೀಯ ಮಾನಕವಾದ ಐಎಸ್ 456:2000ರ ಪ್ರಕಾರ ಒಂದು ಗಂಟೆಯ ತಾಳಿಕೆಗೆ 95 ಮಿಲಿಮೀಟರ್ ದಪ್ಪದ ಸ್ಲ್ಯಾಬ್ ಮತ್ತು ಸರಳಿನ ಕೆಳಗೆ 20 ಮಿಲಿಮೀಟರ್ ಕಾಂಕ್ರೀಟ್ ಹೊದಿಕೆ ಸಾಕು. ನಮ್ಮ ಕಡೆ ಮನೆಗಳಿಗೆ ಹಾಕುವುದೇ ಐದು ಇಂಚು, ಎಂದರೆ ಸುಮಾರು 125 ಮಿಲಿಮೀಟರ್. ಅದರ ಕೆಳಗೆ ತೂಗುವ ಫಾಲ್ಸ್ ಸೀಲಿಂಗ್ ಕೇವಲ ಅಲಂಕಾರ, ಅದರಲ್ಲಿ ಎಷ್ಟು ತೂತು ಕೊರೆದರೂ ಮೇಲಿನ ಅಂತಸ್ತಿಗೆ ಬೆಂಕಿ ಹೋಗುವ ದಾರಿ ತೆರೆಯುವುದಿಲ್ಲ. ಅಂಥ ಮನೆಗೆ ಫೈರ್ ರೇಟೆಡ್ ದೀಪ ಕೊಳ್ಳುವುದು ಕಲ್ಲಿನ ಕೋಟೆಗೆ ಮುಳ್ಳಿನ ಬೇಲಿ ಹಾಕಿದಂತೆ. ಆ ಹಣವನ್ನು ಒಳ್ಳೆಯ ವೈರಿಗೆ, ಕನೆಕ್ಟರಿಗೆ, ಕರೆಂಟು ಸೋರಿದಾಗ ತಾನೇ ಕಡಿಯುವ ಸ್ವಿಚ್ಚಾದ 30 ಮಿಲಿಆಂಪಿಯರಿನ ಆರ್‌ಸಿಸಿಬಿಗೆ ಹಾಕಲಿ. ಆದರೆ ಈಗ ಊರೂರಲ್ಲಿ ಬಳಕೆಗೆ ಬಂದಿರುವ ಪಿವಿಸಿ ಪಟ್ಟಿಯ ಸೀಲಿಂಗನ್ನು ಮಾತ್ರ ಅವರು ಆರಿಸಿಕೊಳ್ಳದಿರಲಿ. ಪಿವಿಸಿ 80 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ, ಉರಿದಾಗ ಉಸಿರುಗಟ್ಟಿಸುವ ಆಮ್ಲದ ಹೊಗೆ ಬಿಡುತ್ತದೆ. ಅದರಲ್ಲಿ ಕೂಡಿಸಿದ ದೀಪ ಎಂಥದ್ದಾದರೂ ಪ್ರಯೋಜನವಿಲ್ಲ.

ನಿಮ್ಮ ಶಹಾಪುರದ ಮನೆಯ ಮಾತು ಬೇರೆ. ಮಳೆ ಹೆಚ್ಚಿರುವ ಬೆಳಗಾವಿಯ ಕಡೆ ಹಂಚು ಮತ್ತು ಮರದ ಈ ಬಗೆಯ ಮನೆಗಳು ಇನ್ನೂ ಸಾಕಷ್ಟು ಉಳಿದಿವೆ, ಮತ್ತು ಕಟ್ಟಡದ ರೀತಿಯಿಂದ ನೋಡಿದರೆ ಇವು ವಿಜಯಪುರದ ಹೊಸ ಮನೆಗಿಂತ ಇಂಗ್ಲೆಂಡಿನ ಮನೆಗೇ ಹತ್ತಿರ. ಸಾಗವಾನಿಯ ದಪ್ಪ ತೊಲೆ ಬೆಂಕಿಗೆ ಬೇಗ ಸೋಲುವುದಿಲ್ಲ. ಗಟ್ಟಿ ಮರ ನಿಮಿಷಕ್ಕೆ ಸುಮಾರು ಅರ್ಧದಿಂದ ಮುಕ್ಕಾಲು ಮಿಲಿಮೀಟರಿನಷ್ಟು ಮಾತ್ರ ಕರಕಲಾಗುತ್ತ ಹೋಗುತ್ತದೆ, ಆ ಕರಕಲೇ ಒಳಗಿನ ಮರಕ್ಕೆ ಹೊದಿಕೆಯಾಗುತ್ತದೆ. ಅರ್ಧ ಗಂಟೆ ಉರಿದ ಎಂಟು ಇಂಚಿನ ತೊಲೆ ಭಾರ ಹೊರುತ್ತಲೇ ಇರಬಹುದು. ತೊಂದರೆ ಇರುವುದು ಒಂದು ಇಂಚಿನ ಹಲಗೆಯಲ್ಲಿ, ಅದಕ್ಕಿಂತಲೂ ಹೆಚ್ಚಾಗಿ ಹಲಗೆ ಹಲಗೆಗಳ ನಡುವೆ ದಶಕಗಳಿಂದ ಒಣಗಿ ಬಿಟ್ಟಿರುವ ಸಂದಿನಲ್ಲಿ. ಕೆಳಗೆ ಎದ್ದ ಹೊಗೆ ಆ ಸಂದಿನಿಂದ ಕೆಲವೇ ಕ್ಷಣಗಳಲ್ಲಿ ಮೇಲೆ ಮಲಗಿದವರ ಕೋಣೆಗೆ ಬರುತ್ತದೆ. ಆದುದರಿಂದ ಸೀಲಿಂಗ್ ಹಾಕಿಸುವ ನಿಮ್ಮ ಯೋಚನೆಯೇ ಒಳ್ಳೆಯದು. ಅಲಂಕಾರಕ್ಕಾಗಿ ಹಾಕಿಸುವ ಬೋರ್ಡನ್ನೇ ಸ್ವಲ್ಪ ಹೆಚ್ಚಿನ ಖರ್ಚಿನಲ್ಲಿ ಕವಚವನ್ನಾಗಿಯೂ ಮಾಡಿಕೊಳ್ಳಬಹುದು.

ಆದರೆ ದೀಪದ ಆಯ್ಕೆಗೆ ಬರುವ ಮೊದಲು ನಿಮ್ಮ ಪತ್ರದಲ್ಲಿಲ್ಲದ ಒಂದು ವಿಷಯವನ್ನು ನಾನೇ ಎತ್ತಬೇಕಾಗಿದೆ. ನಿಮ್ಮ ಮನೆಯ ಮೆಟ್ಟಿಲು ಎಲ್ಲಿದೆ? ಹಳೆಯ ಮನೆಗಳಲ್ಲಿ ಮರದ ಮೆಟ್ಟಿಲು ಪಡಸಾಲೆಯ ಒಂದು ಮೂಲೆಯಿಂದ ನೇರವಾಗಿ ಮಹಡಿಗೆ ಏರುತ್ತದೆ. ಅದರ ಬಾಯಿ ಮೂರು ಅಡಿಗೆ ಏಳು ಅಡಿ ಇದ್ದರೆ 21 ಚದರ ಅಡಿಯಾಯಿತು. ಆ ಬಾಯಿ ತೆರೆದೇ ಇರುವಾಗ ಒಂದು ಚದರ ಅಡಿಯ ದೀಪದ ತೂತುಗಳನ್ನು ದುಬಾರಿ ದೀಪಗಳಿಂದ ಮುಚ್ಚುವುದರಿಂದ ತೊಲೆಗಳಿಗೆ ರಕ್ಷಣೆ ಸಿಕ್ಕೀತು, ಮೇಲೆ ಮಲಗಿದವರಿಗೆ ಸಿಗುವುದು ಅಲ್ಪ. ಹಳೆಯ ಕೆಲವು ಮನೆಗಳಲ್ಲಿ ಮೆಟ್ಟಿಲಿನ ತಲೆಯ ಮೇಲೆ ಮಲಗಿಸಿ ಮುಚ್ಚುವ ಹಲಗೆಯ ಬಾಗಿಲು ಇರುತ್ತಿತ್ತು. ಕಳ್ಳರ ಭಯಕ್ಕೆ ಮಾಡಿಸಿದ್ದಾದರೂ ಹೊಗೆಯನ್ನೂ ಅದು ತಡೆಯುತ್ತಿತ್ತು. ನಿಮ್ಮಲ್ಲಿ ಅದು ಇನ್ನೂ ಇದ್ದರೆ ತೆಗೆಸಬೇಡಿ; ಇಲ್ಲದಿದ್ದರೆ ಮೆಟ್ಟಿಲಿನ ಬುಡದಲ್ಲೋ ತಲೆಯಲ್ಲೋ ಗಟ್ಟಿಯಾದ ಒಂದು ಬಾಗಿಲು ಕೂಡಿಸಿ, ರಾತ್ರಿ ಮುಚ್ಚಿಕೊಳ್ಳುವ ರೂಢಿ ಮಾಡಿಕೊಳ್ಳಿ. ಮೇಲಿನ ಒಂದು ಕಿಟಕಿಯ ಸರಳುಗಳ ಚೌಕಟ್ಟು ಒಳಗಿನಿಂದ ಬೀಗದ ಕೈಯಿಲ್ಲದೆ ತೆರೆಯುವಂತಿರಲಿ. ಮೆಟ್ಟಿಲಿನ ಬಳಿ, ಮಲಗುವ ಕೋಣೆಯ ಹೊರಗೆ, ಬ್ಯಾಟರಿಯ ಸ್ಮೋಕ್ ಡಿಟೆಕ್ಟರ್ ಒಂದೊಂದು ಇರಲಿ. ಸೀಲಿಂಗ್ ಮೂವತ್ತು ನಿಮಿಷ ತಾಳಿದರೂ ಮಲಗಿದವರು ಎಚ್ಚರಾಗದಿದ್ದರೆ ಆ ಮೂವತ್ತು ನಿಮಿಷ ಯಾರಿಗೂ ದಕ್ಕುವುದಿಲ್ಲ. ಈ ಮೂರನ್ನೂ ಮಾಡಿದ ಮೇಲೆ ಉಳಿದ ಹಣ ದೀಪಕ್ಕೆ.

ಈಗ ದೀಪದ ಮಾತು. ನಿಮ್ಮ ಮುಂದೆ ಮೂರು ದಾರಿಗಳಿವೆ, ಅವುಗಳಲ್ಲಿ ನನ್ನ ಒಲವು ಎರಡನೆಯದರ ಕಡೆಗೆ. ಮೊದಲನೆಯದು, ಅಳಿಯಂದಿರು ಹೇಳಿದಂತೆ ಫೈರ್ ರೇಟೆಡ್ ದೀಪಗಳನ್ನೇ ತರಿಸಿ ಕವಚದ ಬೋರ್ಡಿನಲ್ಲಿ ನೇರವಾಗಿ ಕೂಡಿಸುವುದು. ಎರಡನೆಯದು, ಜಂತಿಗಳ ತಳಕ್ಕೆ ಫೈರ್ ಬೋರ್ಡನ್ನು ಒಂದೂ ದೀಪದ ತೂತಿಲ್ಲದಂತೆ ಜಡಿದು, ಅದರಿಂದ ನಾಲ್ಕಾರು ಇಂಚು ಕೆಳಗೆ ಸಾಮಾನ್ಯ ಫಾಲ್ಸ್ ಸೀಲಿಂಗ್ ತೂಗಿಸಿ, ಆ ಕೆಳಗಿನದರಲ್ಲಿ ನಿಮಗೆ ಮೆಚ್ಚಿಗೆಯಾದ ಸಾಮಾನ್ಯ ಡೌನ್‌ಲೈಟುಗಳನ್ನು ಹಾಕುವುದು. ಆಗ ಮೇಲಿನ ಕವಚ ಅಖಂಡವಾಗಿ ಉಳಿಯುತ್ತದೆ, ವೈರೆಲ್ಲ ಎರಡರ ನಡುವಿನ ಖಾಲಿ ಜಾಗದಲ್ಲಿ ಓಡಾಡುತ್ತದೆ, ಮತ್ತು ಹತ್ತು ವರ್ಷದ ಮೇಲೆ ದೀಪ ಬದಲಿಸುವವರು ಯಾರೇ ಆಗಿರಲಿ, ಯಾವ ದೀಪವನ್ನೇ ತಂದಿರಲಿ, ಕವಚಕ್ಕೆ ಧಕ್ಕೆಯಾಗುವುದಿಲ್ಲ. ಫೈರ್ ರೇಟೆಡ್ ದೀಪ ನಮ್ಮ ಊರಿನ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಸಾಮಾನಲ್ಲ. ತರಿಸಿದ 24ರಲ್ಲಿ ನಾಲ್ಕು ಕೆಟ್ಟರೆ ಆ ತೂತಿಗೆ ವೈರ್‌ಮನ್ ಕೂಡಿಸುವುದು ಕೈಗೆ ಸಿಕ್ಕ ಅಲ್ಯೂಮಿನಿಯಮ್ ದೀಪವನ್ನೇ. ಮೂರನೆಯ ದಾರಿ ಎಲ್ಲಕ್ಕಿಂತ ಸರಳ: ತೂತೇ ಕೊರೆಯದೆ ಬೋರ್ಡಿನ ಮೈಮೇಲೆ ಕೂರುವ ಸರ್ಫೇಸ್ ದೀಪ ಹಾಕಿ, ವೈರ್ ಹಾಯುವ ಸಣ್ಣ ರಂಧ್ರವನ್ನು ಬೆಂಕಿ ತಡೆಯುವ ಸೀಲಂಟಿನಿಂದ ತುಂಬುವುದು. ಪಡಸಾಲೆಯ ಎತ್ತರ ಕಡಿಮೆಯಿದ್ದರೆ ಇದನ್ನೇ ಮಾಡಿ.

ಎರಡನೆಯ ದಾರಿಯಲ್ಲಿ ತೂಕದ ಲೆಕ್ಕ ಹಾಕದೆ ಮುಂದುವರಿಯಬಾರದು. ಫೈರ್ ಬೋರ್ಡನ್ನು 12.5 ಮಿಲಿಮೀಟರಿನ ಎರಡು ಪದರಗಳಲ್ಲಿ, ಮೊದಲ ಪದರದ ಜೋಡಣೆಯ ಗೆರೆಯ ಮೇಲೆ ಎರಡನೆಯ ಪದರದ ಗೆರೆ ಬಾರದಂತೆ ಹಾಕಿಸಿದರೆ ಚದರ ಮೀಟರಿಗೆ ಸುಮಾರು 20 ಕಿಲೊ ತೂಗುತ್ತದೆ. ಹನ್ನೆರಡು ಅಡಿಗೆ ಹದಿನಾರು ಅಡಿಯ ಪಡಸಾಲೆಗೆ ಅದು 350 ಕಿಲೊ ದಾಟುತ್ತದೆ. ನೂರು ವರ್ಷದ ಜಂತಿ ಅದನ್ನು ಹೊರಬಲ್ಲದೇ ಎಂಬುದನ್ನು ಸಿವಿಲ್ ಎಂಜಿನಿಯರ್ ಒಬ್ಬರು ನೋಡಿ ಹೇಳಬೇಕು. ಜೊತೆಗೆ ಅನುಭವವಿರುವ ಬಡಿಗರೊಬ್ಬರು ಪ್ರತಿ ತೊಲೆಯ ಗೋಡೆಯೊಳಗಿನ ತುದಿಯನ್ನು ಉಳಿಯಿಂದ ಕುಟ್ಟಿ ನೋಡಲಿ. ಬೆಳಗಾವಿಯ ಮಳೆಗಾಲದ ತೇವ ಮತ್ತು ಗೆದ್ದಲು ಮೊದಲು ಕಾಣಿಸಿಕೊಳ್ಳುವುದು ಅಲ್ಲಿಯೇ, ಮತ್ತು ಒಮ್ಮೆ ಬೋರ್ಡು ಮುಚ್ಚಿದ ಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಬೋರ್ಡಿನ ಸ್ಕ್ರೂಗಳು ಜಂತಿಯ ಮರಕ್ಕೆ ಆಳವಾಗಿ ಹೋಗಿರಬೇಕು, ಗೋಡೆಯ ಸುತ್ತಲಿನ ಸಂದು ಪೂರ್ತಿ ತುಂಬಿರಬೇಕು. ಮಣ್ಣಿನ ಗೋಡೆ ನೆಟ್ಟಗಿರುವುದಿಲ್ಲವಾದ್ದರಿಂದ ಈ ಸಂದು ಕೆಲವೆಡೆ ಒಂದು ಇಂಚೂ ಇರುತ್ತದೆ, ಅದನ್ನು ಅಲಂಕಾರದ ಪಟ್ಟಿಯಿಂದ ಮರೆಮಾಡಿಬಿಡುವುದು ಸೀಲಿಂಗ್ ಕೆಲಸದವರ ಹಳೆಯ ಚಾಳಿ.

ಮೊದಲನೆಯ ದಾರಿಯನ್ನೇ ಹಿಡಿಯುವಿರಾದರೆ, ಪೆಟ್ಟಿಗೆಯ ಮೇಲೆ ಬರೆದ ‘90 ನಿಮಿಷ’ವನ್ನು ನೋಡಿ ಕೊಳ್ಳಬೇಡಿ. ಕುಲುಮೆಯಲ್ಲಿ ಪರೀಕ್ಷೆಗೊಳಗಾಗುವುದು ದೀಪ ಒಂದೇ ಅಲ್ಲ. ಇಂಥ ಬೋರ್ಡು, ಇಷ್ಟು ಪದರ, ಇಂಥ ಜಂತಿ, ಜಂತಿಗಳ ನಡುವೆ ಇಷ್ಟು ಅಂತರ, ದೀಪ ದೀಪಗಳ ನಡುವೆ ಇಷ್ಟು ಅಂತರ ಎಂಬ ಇಡೀ ಕಟ್ಟಡದ ತುಂಡು. ಆ ಅಂಕಿ ಅಂಥದ್ದೇ ಕಟ್ಟಡಕ್ಕೆ ಮಾತ್ರ ಸಲ್ಲುತ್ತದೆ. ಮೂವತ್ತು ನಿಮಿಷ ತಾಳುವ ಸೀಲಿಂಗಿನಲ್ಲಿ ತೊಂಬತ್ತು ನಿಮಿಷದ ದೀಪ ಕೂಡಿಸಿದರೆ ಸೀಲಿಂಗು ತೊಂಬತ್ತು ನಿಮಿಷದ್ದಾಗುವುದಿಲ್ಲ. ಆದ್ದರಿಂದ ತಯಾರಕರಿಂದ ಪರೀಕ್ಷಾ ವರದಿಯ ಸಾರಾಂಶವನ್ನು ಕೇಳಿ ಪಡೆಯಿರಿ. ಅದರಲ್ಲಿ ಬಿಎಸ್ 476ರ ಭಾಗ 21 ಅಥವಾ ಇಎನ್ 1365-2 ಎಂಬ ಮಾನಕದ ಉಲ್ಲೇಖವಿದೆಯೇ, ಪರೀಕ್ಷಿಸಿದ್ದು ಅಖಂಡ ಮರದ ಜಂತಿಯ ನೆಲದಲ್ಲೇ ಎಂಬುದನ್ನು ನೋಡಿ. ಹಿಂಬದಿ ತೆರೆದಿರುವ ಗಿಡ್ಡ ಮಾದರಿಗಳನ್ನು ಕೆಲವೇ ಬಗೆಯ ಜಂತಿಗಳಲ್ಲಿ ಪರೀಕ್ಷಿಸಿರುತ್ತಾರೆ. ವರದಿ ಕೇಳಿದಾಗ ಬಣ್ಣದ ಕೆಟಲಾಗು ಕಳಿಸುವವರಿಂದ ಕೊಳ್ಳಬೇಡಿ.

ಕೂಡಿಸುವಾಗಿನ ಕೆಲಸವೂ ವರದಿಯಲ್ಲಿ ಹೇಳಿದಂತೆಯೇ ನಡೆಯಬೇಕು. ತೂತನ್ನು ಹೋಲ್‌ಸಾ (ಡ್ರಿಲ್ಲಿಗೆ ಸಿಕ್ಕಿಸುವ ದುಂಡು ಗರಗಸ) ಹಾಕಿ ಹೇಳಿದ ಅಳತೆಗೆ ಸರಿಯಾಗಿ ಕೊರೆಯಬೇಕು. ಕೈಚಾಕುವಿನಿಂದ ಅಂದಾಜಿಗೆ ಕೊಯ್ದು, ದೊಡ್ಡದಾದಲ್ಲಿ ಪುಟ್ಟಿ ಮೆತ್ತಿದರೆ ದೀಪಕ್ಕೆ ಕೊಟ್ಟ ಹಣ ವ್ಯರ್ಥ. ಎರಡು ಪದರದ ಬೋರ್ಡು ಒಂದು ಇಂಚು ದಪ್ಪವಾಗುವುದರಿಂದ ದೀಪದ ಸ್ಪ್ರಿಂಗ್ ಕ್ಲಿಪ್ಪು ಅಷ್ಟು ದಪ್ಪಕ್ಕೆ ಕಚ್ಚುತ್ತದೆಯೇ ಎಂಬುದನ್ನು ಒಂದು ತುಂಡು ಬೋರ್ಡಿನ ಮೇಲೆ ನೋಡಿಕೊಂಡೇ 24ಕ್ಕೆ ಆರ್ಡರ್ ಕೊಡಿ. ಅಂದಹಾಗೆ, ಹನ್ನೆರಡು ಅಡಿಗೆ ಹದಿನಾರು ಅಡಿಯಷ್ಟರ ಪಡಸಾಲೆಗೆ 24 ದೀಪ ಬೇಕೆಂದು ಹೇಳಿದವರು ಯಾರೋ ತಿಳಿಯದು. ಎಂಟರಿಂದ ಹತ್ತು ವ್ಯಾಟಿನ ಆರು ಅಥವಾ ಎಂಟು ದೀಪ ಧಾರಾಳವಾಗಿ ಸಾಕು. ಕೊರೆಯದ ತೂತಿಗಿಂತ ಒಳ್ಳೆಯ ಫೈರ್ ರೇಟಿಂಗ್ ಬೇರೆ ಇಲ್ಲ.

ಇನ್ನು ಅಂಗಡಿಯವರ ಮಾತಿನ ಉಳಿದರ್ಧ. ಹಿಂದಿನ 50 ವ್ಯಾಟಿನ ಹ್ಯಾಲೊಜನ್ ದೀಪಗಳ ಹೋಲಿಕೆಯಲ್ಲಿ ಎಲ್‌ಇಡಿ ತಣ್ಣಗಿನದು ಎಂಬುದು ನಿಜ. ಆದರೆ ಸೀಲಿಂಗಿನೊಳಗಿನ ಬೆಂಕಿಗೆ ದೀಪಕ್ಕಿಂತ ಹೆಚ್ಚಾಗಿ ಕಾರಣವಾಗುವುದು ಅದರ ಹಿಂದಿನ ಸಡಿಲ ಜೋಡಣೆ. ಬಾಗಲಕೋಟೆಯ ನವನಗರದ ಮನೆಯೊಂದರಲ್ಲಿ ದೀಪಗಳು ಮಿಣುಕುತ್ತಿವೆ ಎಂದು ನನ್ನನ್ನು ಕರೆದಿದ್ದರು. ಒಂದು ದೀಪವನ್ನು ಕೆಳಗಿಳಿಸಿ ನೋಡಿದರೆ, ಎರಡು ವೈರುಗಳ ತುದಿಯನ್ನು ಬೆರಳಿನಿಂದ ಹೊಸೆದು ಟೇಪು ಸುತ್ತಿದ್ದರು. ಶಾಖಕ್ಕೆ ಟೇಪಿನ ಅಂಟು ಒಣಗಿ ಅದು ಬಿಚ್ಚಿಕೊಂಡು, ತಾಮ್ರ ಕಪ್ಪಾಗಿ, ಪಕ್ಕದ ಪ್ಲೈವುಡ್ ಪಟ್ಟಿಯ ಮೇಲೆ ಅಂಗೈಯಗಲ ಕಂದು ಕಲೆ ಮೂಡಿತ್ತು. ಕರೆಂಟು ಮಿತಿ ಮೀರಿದರೆ ಕಡಿಯುವ ಸ್ವಿಚ್ಚಾದ ಎಂಸಿಬಿ ಒಮ್ಮೆಯೂ ಬಿದ್ದಿರಲಿಲ್ಲ, ಬೀಳುವ ಕಾರಣವೂ ಇರಲಿಲ್ಲ: ಎಂಟು ವ್ಯಾಟಿನ ಇಪ್ಪತ್ತು ದೀಪ ಸೇರಿದರೂ 230 ವೋಲ್ಟಿನಲ್ಲಿ ಎಳೆಯುವುದು ಒಂದು ಆಂಪಿಯರಿಗಿಂತ ಕಡಿಮೆ, ಎಂಸಿಬಿ ಕಾಯುತ್ತಿರುವುದು ಆರನ್ನೋ ಹತ್ತನ್ನೋ. ಆದುದರಿಂದ ಪ್ರತಿ ದೀಪದ ಜೋಡಣೆಯೂ ಸ್ಕ್ರೂ ಅಥವಾ ಲಿವರ್ ಕನೆಕ್ಟರಿನಲ್ಲಿ, ಮುಚ್ಚಳವಿರುವ ಡಬ್ಬಿಯೊಳಗೆ ಇರಲಿ. ಐಎಸ್ 694ರ ಮಾನಕದ, ಬೆಂಕಿ ಹರಡದ, ಹೊಗೆ ಕಡಿಮೆ ಬಿಡುವ ಬಗೆಯ 1.5 ಚದರ ಮಿಲಿಮೀಟರಿನ ತಾಮ್ರದ ವೈರನ್ನೇ ಬಳಸಿ, ಅದನ್ನು ಪೈಪಿನೊಳಗೆ ಎಳೆಸಿ. ಹಂಚಿನ ಮನೆಯಲ್ಲಿ ಇಲಿಗಳ ಕಾಟವೂ ಇರುತ್ತದಲ್ಲ.

ನಿಮ್ಮ ಮನೆಯಲ್ಲಿ ಮರದ ಪಟ್ಟಿಯೊಳಗೆ ಓಡುವ ಹಳೆಯ ವೈರಿಂಗ್ ಇನ್ನೂ ಉಳಿದಿದ್ದರೆ, ಅದರಲ್ಲಿ ಅರ್ಥಿಂಗ್ ವೈರ್ ಇರುವ ಸಂಭವ ಕಡಿಮೆ. ಉಕ್ಕಿನ ಮೈಯ ದೀಪಕ್ಕೆ ಅರ್ಥಿಂಗ್ ಕಡ್ಡಾಯ. ಚೌಕದೊಳಗೆ ಚೌಕದ ಚಿಹ್ನೆಯಿರುವ ದೀಪಕ್ಕೆ ಮಾತ್ರ ಅದು ಬೇಡ. ಆ ವೈರಿಂಗನ್ನು ಬದಲಿಸದೆ ಹೊಸ ಸೀಲಿಂಗಿನ ಹಿಂದೆ ಮುಚ್ಚಿಬಿಡುವುದನ್ನು ನಾನು ಖಂಡಿತ ಒಪ್ಪುವುದಿಲ್ಲ.

ತಮ್ಮನವರಿಗೆ ಬೇರೊಂದು ಎಚ್ಚರಿಕೆ ಬೇಕು. ವಿಜಯಪುರದ ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ ದಾಟಿದಾಗ, ತಾರಸಿಯ ಸ್ಲ್ಯಾಬಿಗೂ ಫಾಲ್ಸ್ ಸೀಲಿಂಗಿಗೂ ನಡುವೆ ಸಿಕ್ಕಿಕೊಂಡ ಗಾಳಿ ಅದಕ್ಕಿಂತಲೂ ಬಿಸಿಯಾಗಿರುತ್ತದೆ. ದೀಪದ ಡ್ರೈವರಿನ (ಎಲ್‌ಇಡಿಗೆ ತಕ್ಕ ಕರೆಂಟು ಒದಗಿಸುವ ಸಣ್ಣ ಡಬ್ಬಿ) ಮೇಲೆ ‘ಟಿಎ’ ಎಂದು ಬರೆದು ಪಕ್ಕದಲ್ಲಿ ಒಂದು ಉಷ್ಣತೆ ನಮೂದಿಸಿರುತ್ತಾರೆ. ಸುತ್ತಲಿನ ಗಾಳಿ ಅದನ್ನು ಮೀರಬಾರದೆಂದು ಅದರ ಅರ್ಥ. ಅಲ್ಲಿ 40 ಎಂದಿದ್ದರೆ ಮೇಲಂತಸ್ತಿಗೆ ಅದು ಬೇಡ, 50 ಇರಲಿ. ಡ್ರೈವರಿನೊಳಗಿನ ಕೆಪಾಸಿಟರಿನ ಆಯುಷ್ಯ ಉಷ್ಣತೆ ಹತ್ತು ಡಿಗ್ರಿ ಏರಿದಂತೆಲ್ಲ ಸುಮಾರು ಅರ್ಧಕ್ಕಿಳಿಯುತ್ತದೆ. ಸ್ಲ್ಯಾಬಿನ ಕಾವು ತಡೆಯಲು ಸೀಲಿಂಗಿನ ಮೇಲೆ ಗಾಜಿನ ಉಣ್ಣೆ ಹರಡಿಸುವವರು, ದೀಪದ ಮೇಲೆ ಹೊದಿಕೆ ಹಾಕಬಾರದೆಂಬ ಚಿಹ್ನೆಯಿದ್ದರೆ ಅದರ ಸುತ್ತ ಜಾಗ ಬಿಟ್ಟು ಹರಡಿಸಬೇಕು. ಎರಡೂ ಮನೆಗಳಿಗೆ ಕೊಳ್ಳುವ ಸಾಮಾನ್ಯ ದೀಪದ ಮೇಲೆ, ಡ್ರೈವರಿನ ಮೇಲೆ, ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿಯ ‘ಆರ್’ ಅಕ್ಷರದಿಂದ ಶುರುವಾಗುವ ಸಂಖ್ಯೆ ಇದೆಯೇ ಎಂದು ನೋಡಿ. ಆದರೆ ಅದು ವಿದ್ಯುತ್ ಸುರಕ್ಷತೆಯ ಗುರುತೇ ಹೊರತು ಫೈರ್ ರೇಟಿಂಗಿನ ಗುರುತಲ್ಲ.

ಕೊನೆಯದಾಗಿ, ಶಹಾಪುರದ ಮನೆಯಲ್ಲಿ ಬೋರ್ಡು ಮುಚ್ಚುವ ಹಿಂದಿನ ದಿನ ಜಂತಿಗಳ ಮೇಲೆ ಅಳತೆಯ ಟೇಪು ಹಿಡಿದು, ಪ್ರತಿ ವೈರು ಹಾಯ್ದ ದಾರಿ ಕಾಣುವಂತೆ ಫೋಟೊ ತೆಗೆದಿಟ್ಟುಕೊಳ್ಳಿ, ಒಂದು ಪ್ರತಿಯನ್ನು ಮೇನ್ ಸ್ವಿಚ್ಚಿನ ಬಾಗಿಲಿನ ಒಳಗೆ ಅಂಟಿಸಿ. ಕೆಳಗಿನ ಫಾಲ್ಸ್ ಸೀಲಿಂಗಿನ ಒಂದು ಮೂಲೆಯಲ್ಲಿ ತೆರೆದು ನೋಡಲು ಒಂದೂವರೆ ಅಡಿಯ ಕಿಂಡಿಯನ್ನೂ ಬಿಡಿಸಿ.